ಸ್ಕಲ್ ಬೇಸ್ ಫೆಲೋಶಿಪ್: ಮೊದ್ಲು ಮೂಳೆ ಕೊರೆಯೋದು ಕಲೀರಿ

ನ್ಯೂರೋಸರ್ಜರೀಲಿ, ಅಂದ್ರೆ ಮೆದುಳು-ನರದ ಆಪರೇಷನ್ನಲ್ಲಿ, ಎಂಸಿಎಚ್ ಡಿಗ್ರಿ ಮುಗಿಸೋ ಹುಡುಗ್ರು ಮೈಸೂರಲ್ಲಿ ಸಿಕ್ಕಾಗೆಲ್ಲ ಕೇಳೋದು ಒಂದೇ, ಸರ್ ಸ್ಕಲ್ ಬೇಸ್ ಫೆಲೋಶಿಪ್ ಎಲ್ಲಿ ಮಾಡಿದ್ರೆ ಒಳ್ಳೇದು, ಜಪಾನಾ, ಅಮೆರಿಕಾನಾ, ಇಲ್ಲೇನಾ ಅಂತ. ನಾನು ವಾಪಸ್ ಕೇಳೋದು, ಟೆಂಪೊರಲ್ ಬೋನ್ ಎಷ್ಟು ಕೊರೆದಿದ್ದೀಯಪ್ಪ ಅಂತ. ಅಲ್ಲಿಗೆ ಮಾತು ನಿಲ್ಲುತ್ತೆ. ಹುಡುಗ್ರ ತಪ್ಪಲ್ಲ, ನಮ್ಮ ಟ್ರೈನಿಂಗೇ ಹಂಗೆ, ತಲೆಗೆ ಪೆಟ್ಟು ಬಿದ್ದು ಬರೋ ಆಕ್ಸಿಡೆಂಟ್ ಕೇಸುಗಳೇ ರಾತ್ರಿ ಪೂರ್ತಿ ಥಿಯೇಟರಲ್ಲಿ ನಿಲ್ಲಿಸಿಬಿಡ್ತವೆ, ಅದ್ರಲ್ಲಿ ಕೈ ಪಳಗುತ್ತೆ ನಿಜ, ಆದ್ರೆ ಈ ಟೆಂಪೊರಲ್ ಬೋನ್, ಅಂದ್ರೆ ಕಿವಿ ಹಿಂದಿನ ಮೂಳೆ, ಒಳಗೆ ಏನೇನು ಅಡಗಿದೆ ಅನ್ನೋದು ಗೊತ್ತಾಗಲ್ಲ.

ಡಾಕ್ಟರಲ್ಲದೋರಿಗೆ ಒಂದು ಮಾತು. ಸ್ಕಲ್ ಬೇಸ್ ಅಂದ್ರೆ ಬುರುಡೆಯ ತಳ, ಮೆದುಳು ಕೂತಿರೋ ಜಾಗ, ಕಣ್ಣಿನ, ಕಿವಿಯ, ಮುಖದ, ನುಂಗೋ ನರಗಳೆಲ್ಲ ಹೊರಗೆ ಹೋಗೋದು ಅಲ್ಲಿರೋ ತೂತುಗಳಿಂದ. ಅಲ್ಲಿ ಗಡ್ಡೆ ಬಂದ್ರೆ ಮೆದುಳನ್ನ ಎಳೆದು ಸರಿಸಿ ನೋಡೋ ಹಂಗಿಲ್ಲ. ಅದರ ಬದ್ಲು ಮೂಳೆನೇ ಕೊರೆದು ದಾರಿ ಮಾಡ್ಕೋಬೇಕು, ಈ ಸ್ಪೆಷಾಲಿಟಿಯ ಜೀವಾಳನೇ ಅದು.

ನಾನು ಫೆಲೋಶಿಪ್‌ಗೆ, ಅಂದ್ರೆ ಡಿಗ್ರಿ ಆದ್ಮೇಲಿನ ಸ್ಪೆಷಲ್ ಟ್ರೈನಿಂಗಿಗೆ, ಸೇರೋಕೆ ಮುಂಚೆ ಶುರು ಮಾಡಿದ್ದು ಮೊಟ್ಟೆಯಿಂದ. ನಗಬೇಡಿ, ಕೋಳಿಮೊಟ್ಟೆ ಚಿಪ್ಪನ್ನ ಡೈಮಂಡ್ ಬರ್‌ನಲ್ಲಿ, ಅಂದ್ರೆ ವಜ್ರದ ಪುಡಿ ಹಚ್ಚಿದ ಡ್ರಿಲ್ ತುದೀಲಿ, ತೆಗೀಬೇಕು, ಒಳಗಿನ ಪೊರೆ ಹರೀಬಾರ್ದು, ಎಷ್ಟೋ ಕಡೆ ಟ್ರೈನಿಂಗ್ ಶುರುವಾಗೋದೇ ಇದ್ರಿಂದ. ಮಂಡ್ಯದ ಮನೇಲಿ ಹಳೇ ಡೆಂಟಲ್ ಡ್ರಿಲ್ ಇಟ್ಕೊಂಡು ಕೂತಿದ್ರೆ ಅಮ್ಮ, 'ಮೊಟ್ಟೆಯ ಬೇಯ್ಸ್ಕೊಂಡು ತಿನ್ನದ್ ಬುಟ್ಟು ಯಾಕ್ಲಾ ಅದ ಕೆರ್ಕೊಂಡ್ ಕುಂತಿದ್ದೀಯ' ಅಂತ ಬೈಯೋರು. ಆಮೇಲೆ ಅನಾಟಮಿ ಡಿಪಾರ್ಟ್‌ಮೆಂಟಿನ ಪರ್ಮಿಷನ್ ತಗೊಂಡು, ದೇಹದಾನದಿಂದ ಬಂದ ಟೆಂಪೊರಲ್ ಬೋನ್ ಮೇಲೆ ಕೂತೆ. ಜೊತೆಗೆ ಅಮೆರಿಕದ ಗೇನ್ಸ್‌ವಿಲ್‌ನ ನ್ಯೂರೋಸರ್ಜನ್ ರೋಟನ್ ಅವರ ಲ್ಯಾಬಿನ ಚಿತ್ರಗಳು. ಅವರು 2016ರಲ್ಲಿ ತೀರಿಕೊಂಡ್ರು, ಆದ್ರೆ ಕೆಂಪು ನೀಲಿ ಸಿಲಿಕಾನ್ ತುಂಬಿಸಿದ ಅಪಧಮನಿ, ಅಭಿಧಮನಿಗಳ ಆ ಡಿಸೆಕ್ಷನ್ ನೋಡದೆ ಇವತ್ತಿಗೂ ಯಾರೂ ಸ್ಕಲ್ ಬೇಸ್ ಕಲಿಯಲ್ಲ.

ಫೆಲೋಶಿಪ್ ಮಾಡಿದ್ದು ದಕ್ಷಿಣ ಭಾರತದ್ದೇ ಒಂದು ದೊಡ್ಡ ಆಸ್ಪತ್ರೇಲಿ, ಕೊನೇಲಿ ಸ್ವಲ್ಪ ದಿನ ಜಪಾನ್. ಇಲ್ಲಿ ಲ್ಯಾಬಲ್ಲಿ ಕಳೆದ ಸಂಜೆಗಳೇ ನನಗೆ ಹೆಚ್ಚು ಕೊಟ್ಟಿದ್ದು. ಕಿವಿ ಹಿಂದೆ ಕೈಗೆ ಸಿಗೋ ಮಾಸ್ಟಾಯ್ಡ್ ಮೂಳೆ ಒಳಗೆ ಜೇನುಗೂಡಿನ ಥರ ಗಾಳಿ ಕೋಣೆಗಳು, ದೊಡ್ಡ ಕಟಿಂಗ್ ಬರ್‌ನಲ್ಲಿ ಅದನ್ನ ಬೇಗ ತೆಗೀಬಹುದು. ಹಿಂದುಗಡೆ ಸಿಗ್ಮಾಯ್ಡ್ ಸೈನಸ್ ಅನ್ನೋ ದೊಡ್ಡ ಅಭಿಧಮನಿ ಹತ್ರ ಬಂದಾಗ ಮೂಳೆ ಅಡಿಯಿಂದ ನೀಲಿ ಛಾಯೆ ಕಾಣುತ್ತೆ, ಡ್ರಿಲ್ ಸದ್ದೂ ಬದಲಾಗುತ್ತೆ, ಅಲ್ಲಿ ಕಟಿಂಗ್ ಬರ್ ಕೆಳಗಿಟ್ಟು ಡೈಮಂಡ್ ಬರ್ ತಗೋಬೇಕು. ಮುಂದೆ ಹೋದ್ರೆ ಗಟ್ಟಿಯಾದ, ದಂತದ ಬಣ್ಣದ ಮೂಳೆ ಸಿಗುತ್ತೆ, ಅದು ಬ್ಯಾಲೆನ್ಸ್ ನೋಡ್ಕೊಳ್ಳೋ ಒಳಕಿವಿಯ ಲ್ಯಾಟರಲ್ ಸೆಮಿಸರ್ಕ್ಯುಲರ್ ಕೆನಾಲ್, ಅದರ ಕೆಳಗೇ ಮುಖದ ನರ. ಇಲ್ಲಿ ನೀರು ಬಿಡ್ತಾನೇ ಇರ್ಬೇಕು, ಯಾಕಂದ್ರೆ ಬರ್ ತಾಗದೇ ಹೋದ್ರೂ ಅದರ ಬಿಸಿಗೇ ನರ ಕೆಡುತ್ತೆ. ನಮ್ಮ ಸರ್ ಪಕ್ಕದಲ್ಲಿ ನಿಂತು ನೀರು ಕಮ್ಮಿಯಾದ ತಕ್ಷಣ ಡ್ರಿಲ್ಲಿನ ಪೆಡಲ್ ಮೇಲಿರೋ ನನ್ನ ಕಾಲನ್ನ ತುಳಿಯೋರು, ಬಾಯಲ್ಲಿ ಏನೂ ಹೇಳ್ತಿರಲಿಲ್ಲ.

ಜಪಾನಲ್ಲಿ ನೋಡೋದಷ್ಟೇ, ಅಲ್ಲಿನ ಲೈಸೆನ್ಸ್ ಇಲ್ದೆ ಪೇಶೆಂಟನ್ನ ಮುಟ್ಟೋ ಹಂಗಿಲ್ಲ. ಕವಾಸೆ ಅಪ್ರೋಚ್ ಅಂತ ಎಲ್ರೂ ಹೇಳ್ತೀವಲ್ಲ, ಟೋಕಿಯೋದ ಕವಾಸೆ ಅವರು 1985ರಲ್ಲಿ ಬರೆದಿದ್ದು, ಟೆಂಪೊರಲ್ ಬೋನಿನ ಒಳಭಾಗವಾದ ಪೆಟ್ರಸ್ ಮೂಳೆಯ ತುದಿ ಕೊರೆದು ಬ್ರೈನ್‌ಸ್ಟೆಮ್, ಅಂದ್ರೆ ಮೆದುಳಿನ ಕಾಂಡದ, ಮುಂಭಾಗಕ್ಕೆ ಹೋಗೋ ದಾರಿ. ಸುಮ್ನೆ ನೋಡ್ತಾ ನಿಂತ್ರೆ ಅರ್ಧ ಗಂಟೇಲಿ ನಿದ್ದೆ ಬರುತ್ತೆ, ಅದಕ್ಕೆ ನಾನು ಹಿಂದಿನ ರಾತ್ರಿ ಸ್ಕ್ಯಾನ್ ನೋಡಿ ಮಾರನೇ ದಿನ ಯಾವ ಹಂತದಲ್ಲಿ ಏನು ಕಾಣುತ್ತೆ ಅಂತ ಚಿತ್ರ ಬರೆದಿಡ್ತಿದ್ದೆ, ಆಪರೇಷನ್ ಆದ್ಮೇಲೆ ಪಕ್ಕದಲ್ಲಿ ನಿಜವಾಗಿ ಕಂಡಿದ್ದನ್ನ ಬರೀತಿದ್ದೆ. ಆ ನೋಟ್‌ಬುಕ್ ಇವತ್ತಿಗೂ ಕೇಸ್ ಇದ್ದಾಗ ತೆಗೀತೀನಿ, ವಿಡಿಯೋಗಳನ್ನ ಅಷ್ಟಾಗಿ ತೆಗೆಯಲ್ಲ.

ಯಾರೂ ಮಾತಾಡದ ವಿಷ್ಯ ಇನ್ನೊಂದಿದೆ, ಕ್ಲೋಷರ್, ಅಂದ್ರೆ ಕೊನೇಲಿ ತೆರೆದ ಜಾಗ ಮುಚ್ಚೋದು. ಗಡ್ಡೆ ತೆಗೆಯುವಾಗ ಎಲ್ರೂ ಮಾನಿಟರ್ ನೋಡ್ತಾರೆ, ಮುಚ್ಚೋ ಹೊತ್ಗೆ ಅರ್ಧ ಥಿಯೇಟರ್ ಕಾಫಿಗೆ ಹೋಗಿರುತ್ತೆ. ಆದ್ರೆ ಕೊರೆದ ಗಾಳಿ ಕೋಣೆಗಳಿಗೆ ಬೋನ್ ವ್ಯಾಕ್ಸ್ ಅನ್ನೋ ಮೇಣ ಸರಿಯಾಗಿ ತುಂಬದೆ ಹೋದ್ರೆ ಮೆದುಳಿನ ನೀರು ಮಧ್ಯಕಿವಿಗೆ ಬಂದು, ಅಲ್ಲಿಂದ ಮೂಗಿಗೆ ಇಳಿಯುತ್ತೆ, ಹಿಂದೆನೇ ಮೆನಿಂಜೈಟಿಸ್, ಅಂದ್ರೆ ಮೆದುಳು ಪೊರೆಯ ಸೋಂಕು. ಆ ಜಾಗ ಮುಚ್ಚೋಕೆ ಹೊಟ್ಟೆಯಿಂದ ತೆಗೆದ ಕೊಬ್ಬು ಎಷ್ಟು ಇಡ್ಬೇಕು, ಮೂಗಿನ ಕಡೆಯಿಂದ ಮಾಡೋ ಎಂಡೋಸ್ಕೋಪಿ ಕೇಸಲ್ಲಿ ನೇಸೋಸೆಪ್ಟಲ್ ಫ್ಲ್ಯಾಪನ್ನ, ಅಂದ್ರೆ ತೂತು ಮುಚ್ಚೋಕೆ ಮೂಗಿನ ನಡುಗೋಡೆಯಿಂದ ಬಿಡಿಸೋ ಒಳಪದರವನ್ನ, ರಕ್ತನಾಳ ಕಡೀದಂಗೆ ಹೆಂಗೆ ಎತ್ತಬೇಕು, ಇದನ್ನ ಕಲಿಯೋಕೆ ಅಂತ್ಲೇ ನಾನು ಕೊನೇ ತನಕ ನಿಲ್ತಿದ್ದೆ. 2006ರಲ್ಲಿ ಆ ಫ್ಲ್ಯಾಪ್ ಬಂದ್ಮೇಲೇನೇ ಮೂಗಿನ ದಾರಿಯ ದೊಡ್ಡ ಆಪರೇಷನ್‌ಗಳಿಗೆ ಧೈರ್ಯ ಬಂದಿದ್ದು.

ಮೈಸೂರಿಗೆ ವಾಪಸ್ ಬಂದ್ಮೇಲೆ ನಮ್ಗೆ ಜಾಸ್ತಿ ಸಿಗೋದು ಅಕೌಸ್ಟಿಕ್ ನ್ಯೂರೋಮ, ಅಂದ್ರೆ ಕಿವಿಯ ನರದ ಗಡ್ಡೆ. ಒಂದು ಕಿವಿ ಮಂದ ಅಂತ ವರ್ಷಗಟ್ಲೆ ಸುಮ್ನಿದ್ದು, ಫೋನನ್ನ ಇನ್ನೊಂದು ಕಿವಿಗೆ ಇಟ್ಕೊಂಡು ನಿಭಾಯ್ಸಿ, ನಡೆದ್ರೆ ತೂರಾಡೋಕೆ ಶುರುವಾದಾಗ ಬರ್ತಾರೆ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ನಮ್ಮೂರಲ್ಲೇ ಇರೋದು ನಮ್ಮ ಪುಣ್ಯ, ಅಲ್ಲಿಯ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅನ್ನೋ ಟೆಸ್ಟ್ ರಿಪೋರ್ಟ್) ಹಿಡ್ಕೊಂಡು ಬಂದೋರ ಗಡ್ಡೆ ಇನ್ನೂ ಸಣ್ಣದಿರುತ್ತೆ.

ದೊಡ್ಡ ಗಡ್ಡೇಲಿ ಮುಖದ ನರ ಸಾಮಾನ್ಯವಾಗಿ ಗಡ್ಡೆಯ ಮುಂದುಗಡೆ ಚಪ್ಪಟೆಯಾಗಿ ಹರಡ್ಕೊಂಡಿರುತ್ತೆ, ಕಿವಿ ಹಿಂದಿಂದ ಹೋಗೋ ನಮಗೆ ಮೊದಲು ಕಾಣೋದೇ ಇಲ್ಲ. ಅದಕ್ಕೆ ಗಡ್ಡೆಯನ್ನ ಒಳಗಿಂದ ಟೊಳ್ಳು ಮಾಡಿ, ನರ ಗುರುತಿಸೋ ಕಡ್ಡಿ, ಅಂದ್ರೆ ಪ್ರೋಬ್, ಇಟ್ಟು ನರ ಹುಡುಕ್ತಾ ಹೋಗೋದು. ನರಕ್ಕೆ ಅಂಟಿದ ಗಡ್ಡೆಯ ತೆಳ್ಳನೆ ಪದರ ಬಿಡಿಸೋಕೆ ಹೋಗಿ ಮುಖ ಕೆಡಿಸೋದಕ್ಕಿಂತ ಅದನ್ನ ಅಲ್ಲೇ ಬಿಟ್ಟು ಸ್ಕ್ಯಾನ್ ಮಾಡಿಸ್ತಾ ಇರೋದೇ ಸರಿ ಅನ್ನೋ ಪಕ್ಷದವನು ನಾನು. ಪೂರ್ತಿ ತೆಗೆದ್ವಿ ಅಂತ ಕಾನ್ಫರೆನ್ಸಲ್ಲಿ ಸ್ಲೈಡ್ ತೋರಿಸ್ಬಹುದು, ಮಳವಳ್ಳಿ ಕಡೆ ಗದ್ದೇಲಿ ಕೆಲಸ ಮಾಡೋ ಹೆಂಗಸಿಗೆ ಕಣ್ಣು ಮುಚ್ಚೋಕಾಗದಿದ್ರೆ ಧೂಳು ಬಿದ್ದು ಕಣ್ಣೇ ಹೋಗುತ್ತೆ. ಹಂಗೆ ಸ್ವಲ್ಪ ದಿನ ಮುಖ ಸೊಟ್ಟಗಾಗಿದ್ದ ಒಬ್ರು ಕೇಳಿದ್ರು, 'ಸಾ, ಮಕ ಎಂಗಾರ ಇರ್ಲಿ, ಕಣ್ಗೆ ಏನೂ ಆಗಕ್ಕಿಲ್ವಲ್ಲ?' ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸೋದನ್ನ ಮನೆಯೋರಿಗೆ ನಾನೇ ಕೂತು ತೋರಿಸ್ತೀನಿ, ಡಿಸ್ಚಾರ್ಜ್ ಚೀಟೀಲಿ ಬರೆದ್ರೆ ಯಾರೂ ಓದಲ್ಲ.

ಹೋಗೋ ಹುಡುಗ್ರು ಆ ಆಸ್ಪತ್ರೆಯ ಹಳೇ ಫೆಲೋಗಳಿಗೆ ಫೋನ್ ಮಾಡಿ ಎರಡೇ ಎರಡು ಕೇಳಿ. ಲ್ಯಾಬಿನ ಬೀಗದ ಕೈ ರಾತ್ರಿ ಫೆಲೋ ಹತ್ರ ಇರುತ್ತಾ? ಕ್ಲೋಷರ್ ಫೆಲೋ ಮಾಡ್ತಾನಾ? ಎರಡಕ್ಕೂ ಹೌದು ಅಂದ್ರೆ ಸ್ಟೈಪೆಂಡ್ ಕಮ್ಮಿ ಇದ್ರೂ ಸೇರ್ಕೊಳ್ಳಿ. ಸೇರೋಕೆ ಮುಂಚೆ ಇಲ್ಲಿಯ ಇಎನ್‌ಟಿ ಡಾಕ್ಟರೊಬ್ಬರ ಜೊತೆ ದೋಸ್ತಿ ಮಾಡ್ಕೊಳ್ಳಿ, ವಾಪಸ್ ಬಂದ್ಮೇಲೆ ಮೂಗಿನ ಕೇಸ್ ಒಬ್ಬರೇ ಮಾಡೋಕಾಗಲ್ಲ.