ಬುದ್ಧಿ ಹಲ್ಲು ತೆಗೆಸಬೇಕೇ, ಬೇಡವೇ? ಬೇರು ನೋಡಿ ನಿರ್ಧರಿಸಿ

ಎಕ್ಸ್‌ರೇಯಲ್ಲಿ ಬುದ್ಧಿ ಹಲ್ಲು ಅಡ್ಡಡ್ಡ ಮಲಗಿರುವುದು ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. ನೋವಿಲ್ಲ, ಊತವಿಲ್ಲ. ಆದರೂ ‘ಇವತ್ತಲ್ಲ ನಾಳೆ ತೊಂದರೆ ಕೊಡುತ್ತೆ, ಈಗಲೇ ತೆಗೆಸಿಬಿಡಿ’ ಎನ್ನುವವರು ಸುತ್ತಮುತ್ತ ಇದ್ದೇ ಇರುತ್ತಾರೆ. ಇನ್ನೊಂದು ಕಡೆ, ಮತ್ತೆ ಮತ್ತೆ ಕೀವಾದರೂ ಲವಂಗ ಒತ್ತಿಕೊಂಡು ದಿನ ತಳ್ಳುವವರಿದ್ದಾರೆ. ಎರಡೂ ಸರಿಯಲ್ಲ. ಹಲ್ಲು ಎಷ್ಟು ವಾಲಿದೆ ಎನ್ನುವುದಕ್ಕಿಂತ ಅದು ಏನು ಹಾನಿ ಮಾಡುತ್ತಿದೆ, ಅದರ ಬೇರು ಎಲ್ಲಿದೆ ಎನ್ನುವುದು ಮುಖ್ಯ. ಇದನ್ನು ತಿಳಿಯಲು ನೀವು ವೈದ್ಯರಾಗಿರಬೇಕಿಲ್ಲ. ಏನು ಕೇಳಬೇಕು, ಎಕ್ಸ್‌ರೇಯಲ್ಲಿ ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ಹಲ್ಲು ಹೇಗೆ ಕೂತಿದೆ ಎಂದು ಕೇಳಿ

ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ನೇ ವಯಸ್ಸಿನೊಳಗೆ ಬರುತ್ತದೆ. ಅಷ್ಟರಲ್ಲಿ ಉಳಿದ 28 ಹಲ್ಲುಗಳು ತಮ್ಮ ತಮ್ಮ ಜಾಗ ಹಿಡಿದಿರುತ್ತವೆ. ದವಡೆಯ ಹಿಂದೆ ಜಾಗ ಸಾಲದಿದ್ದರೆ ಹಲ್ಲು ಅರ್ಧ ಹೊರಬಂದು ನಿಲ್ಲುತ್ತದೆ, ಇಲ್ಲವೇ ಮೂಳೆಯೊಳಗೇ ಉಳಿಯುತ್ತದೆ. ಅದು ವಾಲಿರುವ ದಿಕ್ಕು ನೋಡಿ ವಿಂಗಡಿಸುವ ಪದ್ಧತಿಯನ್ನು ಅಮೆರಿಕದ ಜಾರ್ಜ್ ವಿಂಟರ್ 1926ರಲ್ಲಿ ಕೊಟ್ಟರು. ಇವತ್ತಿಗೂ ಅದೇ ಬಳಕೆಯಲ್ಲಿದೆ. ಮುಂದಿನ ಹಲ್ಲಿನ ಕಡೆ ವಾಲಿದ್ದು, ಹಿಂದಕ್ಕೆ ವಾಲಿದ್ದು, ನೇರ ನಿಂತಿದ್ದು, ಪೂರ್ತಿ ಮಲಗಿದ್ದು ಎಂದು ಮುಖ್ಯವಾಗಿ ನಾಲ್ಕು ಬಗೆ. ಕೆಳದವಡೆಯಲ್ಲಿ ಮುಂದಕ್ಕೆ ವಾಲಿದ್ದೇ ಜಾಸ್ತಿ. ತೆಗೆಯುವಾಗ ಹೆಚ್ಚು ಕಷ್ಟ ಕೊಡುವುದು ಹಿಂದಕ್ಕೆ ವಾಲಿದ್ದು. ಅದು ಹೊರಬರುವ ದಾರಿಗೆ ದವಡೆಯ ಮೂಳೆಯೇ ಅಡ್ಡ ಇರುತ್ತದೆ. ನಿಮ್ಮದು ಯಾವ ಬಗೆ, ಎಷ್ಟು ಆಳದಲ್ಲಿದೆ ಎಂದು ವೈದ್ಯರನ್ನು ಕೇಳಿ. ಎಕ್ಸ್‌ರೇ ತೋರಿಸಿ ವಿವರಿಸಿ ಎನ್ನಿ. ಸಂಕೋಚ ಬೇಡ, ಹಲ್ಲು ನಿಮ್ಮದೇ ಅಲ್ವಾ?

ಹಾನಿ ಆಗುತ್ತಿದೆಯೇ ನೋಡಿ

ಅರ್ಧ ಬಂದ ಹಲ್ಲಿನ ಮೇಲೆ ವಸಡಿನ ಒಂದು ಮಡಿಕೆ ಉಳಿದಿರುತ್ತದೆ. ಅದರ ಅಡಿಯಲ್ಲಿ ಅನ್ನದ ಅಗುಳು, ಸೊಪ್ಪಿನ ಚೂರು ಸಿಕ್ಕಿಕೊಳ್ಳುತ್ತದೆ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ವಸಡು ಕೆಂಪಾಗಿ ಊದುತ್ತದೆ, ಮೇಲಿನ ಹಲ್ಲು ಅದನ್ನೇ ಕಚ್ಚುತ್ತದೆ, ಬಾಯಿ ವಾಸನೆ ಬರುತ್ತದೆ, ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ಹಲವರು ‘ಬುದ್ಧಿ ಹಲ್ಲು ನೋವು’ ಎನ್ನುವುದು ಇದನ್ನೇ. ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ದಿನಕ್ಕೆ ಹಲವು ಸಲ ಮುಕ್ಕಳಿಸಿ, ಮೆತ್ತನೆಯ ಬ್ರಷ್‌ನಿಂದ ಆ ಮೂಲೆಯನ್ನು ಉಜ್ಜಿ, ವೈದ್ಯರ ಬಳಿ ಹೋಗಿ ಮಡಿಕೆಯ ಅಡಿ ತೊಳೆಸಿಕೊಳ್ಳಿ. ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಆಸ್ಪಿರಿನ್‌ನಂಥ ಮಾತ್ರೆ ವಸಡನ್ನು ಸುಟ್ಟು ಬಿಳಿ ಹುಣ್ಣು ಮಾಡುತ್ತದೆ.

ಒಂದು ಸಲ ಹೀಗಾಯಿತು ಎಂದರೆ ಹಲ್ಲು ತೆಗೆಸಲೇಬೇಕೇ? ಚಿಕಿತ್ಸೆ ಹೇಗಿರಬೇಕು ಎಂದು ಮಾರ್ಗಸೂಚಿ ಕೊಡುವ ಬ್ರಿಟನ್‌ನ ನೈಸ್ ಸಂಸ್ಥೆ 2000ನೇ ಇಸವಿಯಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟಿತು. ಮೊದಲ ಸಲದ ಊತ ತೀರಾ ಜೋರಾಗಿಲ್ಲದಿದ್ದರೆ ಅದಷ್ಟೇ ಕಾರಣ ಸಾಲದು. ಎರಡನೇ ಸಲ ಬಂದರೆ ತೆಗೆಯುವ ಯೋಚನೆ ಮಾಡಬಹುದು. ತುಂಬಿಸಲಾಗದ ಹುಳುಕು, ಕೀವು, ನೀರುಗುಳ್ಳೆ, ಪಕ್ಕದ ಹಲ್ಲಿನ ಬೇರು ಕರಗುವುದು, ಹಲ್ಲೇ ಮುರಿದಿರುವುದು, ಇವೆಲ್ಲ ಗಟ್ಟಿ ಕಾರಣಗಳು. ಏನೂ ತೊಂದರೆಯಿಲ್ಲದ ಹಲ್ಲನ್ನು ಮುಂಜಾಗ್ರತೆಗೆಂದು ಕೀಳುವುದನ್ನು ನಿಲ್ಲಿಸಿ ಎಂದು ಅದು ಹೇಳಿತು. ವೈದ್ಯಕೀಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ ಇಷ್ಟು ಖಡಾಖಂಡಿತವಾಗಿ ಮಾತಾಡುವುದಿಲ್ಲ. ತೊಂದರೆ ಕೊಡದ ಹಲ್ಲನ್ನು ತೆಗೆಯಬೇಕು ಎನ್ನಲೂ ಉಳಿಸಬೇಕು ಎನ್ನಲೂ ಸಾಕಷ್ಟು ಪುರಾವೆ ಇಲ್ಲ ಎನ್ನುತ್ತದೆ.

ಬ್ರಿಟನ್‌ನ ಕತೆ ಅಲ್ಲಿಗೆ ಮುಗಿಯಲಿಲ್ಲ. 2000ದಲ್ಲಿ ಬುದ್ಧಿ ಹಲ್ಲು ತೆಗೆಸಿಕೊಳ್ಳುವವರ ಸರಾಸರಿ ವಯಸ್ಸು 25ರ ಆಸುಪಾಸಿನಲ್ಲಿತ್ತು, ಹತ್ತು ವರ್ಷದಲ್ಲಿ 32ಕ್ಕೆ ಏರಿತು. ಮುಂದಕ್ಕೆ ವಾಲಿದ ಹಲ್ಲು ಪಕ್ಕದ ದವಡೆ ಹಲ್ಲಿಗೆ ಆತುಕೊಂಡಿದ್ದಲ್ಲಿ, ಆ ಒಳ್ಳೆಯ ಹಲ್ಲಿನ ಹಿಂಬದಿಗೇ ಹುಳುಕು ಹಿಡಿದ ಪ್ರಕರಣಗಳು ಹೆಚ್ಚು ಕಾಣತೊಡಗಿದವು. ಅದಕ್ಕೇ ನನ್ನ ಮಾತು ಇಷ್ಟೇ: ನೋವಿಲ್ಲದಿದ್ದರೆ ಅವಸರ ಬೇಡ, ಆದರೆ ಮರೆತುಬಿಡಲೂ ಬೇಡ. ಮುಂದಕ್ಕೆ ವಾಲಿದ ಹಲ್ಲಿದ್ದರೆ ತಪಾಸಣೆಗೆ ಹೋದಾಗಲೆಲ್ಲ ಪಕ್ಕದ ಹಲ್ಲಿನ ಹಿಂಬದಿಯನ್ನು ನೋಡಲು ಹೇಳಿ. ವಯಸ್ಸಾದಂತೆ ಬೇರು ಪೂರ್ತಿ ಬೆಳೆದು, ಮೂಳೆ ಗಟ್ಟಿಯಾಗಿ, ತೆಗೆಯುವ ಕೆಲಸವೂ ಗಾಯ ಮಾಯುವುದೂ ಕಷ್ಟವಾಗುತ್ತದೆ.

‘ಬುದ್ಧಿ ಹಲ್ಲು ತಳ್ಳಿ ಮುಂದಿನ ಹಲ್ಲು ಸೊಟ್ಟಗಾಗುತ್ತದೆ’ ಎಂಬ ಮಾತನ್ನು ನಂಬಬೇಕಿಲ್ಲ. ಬ್ರಿಟನ್‌ನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದ್ದ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬುದ್ಧಿ ಹಲ್ಲು ತೆಗೆದು, ಐದು ವರ್ಷಕ್ಕೂ ಮಿಗಿಲಾಗಿ ಕಾದು ನೋಡಿದರು. 1998ರಲ್ಲಿ ಫಲಿತಾಂಶ ಬಂತು. ಮುಂದಿನ ಹಲ್ಲುಗಳ ಇಕ್ಕಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬ ಭಯವನ್ನೂ ಬಿಡಿ. ನೋಟದ ನರಕ್ಕೂ ಹಲ್ಲಿಗೂ ಸಂಬಂಧವೇ ಇಲ್ಲ.

ಎಕ್ಸ್‌ರೇಯಲ್ಲಿ ಆ ಬಿಳಿ ಗೆರೆ ಹುಡುಕಿ

ತೆಗೆಸುವುದೇ ಸರಿ ಎಂದಾದರೆ ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ. ಕೆಳದವಡೆಯ ಒಳಗೆ ಎರಡು ತೆಳು ಬಿಳಿ ಗೆರೆಗಳು ರೈಲು ಹಳಿಯಂತೆ ಜೊತೆಜೊತೆಯಾಗಿ ಸಾಗುತ್ತವೆ. ಅವುಗಳ ನಡುವೆ ಇರುವುದು ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ. ಈಗ ಬುದ್ಧಿ ಹಲ್ಲಿನ ಬೇರಿನ ತುದಿ ನೋಡಿ. ಗೆರೆಗಳಿಂದ ದೂರವಿದ್ದರೆ ಸಮಾಧಾನ. ಬೇರು ಗೆರೆಯನ್ನು ದಾಟುವ ಕಡೆ ಬಿಳಿ ಗೆರೆ ಮಾಯವಾಗಿದೆಯೇ? ಅಲ್ಲಿ ಬೇರು ಕಪ್ಪಗೆ ಕಾಣುತ್ತಿದೆಯೇ? ಗೆರೆಗಳು ಬೇರನ್ನು ತಪ್ಪಿಸಿಕೊಂಡು ಬಾಗಿವೆಯೇ? 1990ರಲ್ಲಿ ರೂಡ್ ಮತ್ತು ಶೆಹಾಬ್ ಎಂಬ ವೈದ್ಯರು ಇಂಥ ಏಳು ಗುರುತುಗಳನ್ನು ಪರೀಕ್ಷಿಸಿದರು. ನರಕ್ಕೆ ಪೆಟ್ಟಾಗುವುದಕ್ಕೂ ಈ ಮೂರಕ್ಕೂ ಬಲವಾದ ನಂಟು ಕಂಡಿತು.

ಈ ಗುರುತು ಕಂಡರೆ ವೈದ್ಯರು ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಬೇಕು ಎನ್ನಬಹುದು. ಎಲ್ಲರಿಗೂ ಅದು ಬೇಕಿಲ್ಲ. ಸ್ಕ್ಯಾನ್ ಮಾಡಿಸಿದವರನ್ನೂ ಬರೀ ಓಪಿಜಿ ತೆಗೆಸಿದವರನ್ನೂ ಹೋಲಿಸಿದ ಪ್ರಯೋಗಗಳಲ್ಲಿ, ಸ್ಕ್ಯಾನ್‌ನಿಂದಲೇ ನರದ ಪೆಟ್ಟು ಕಡಿಮೆಯಾಯಿತು ಎಂದು ಕಂಡುಬಂದಿಲ್ಲ.

ಬೇರು ನರಕ್ಕೆ ಅಂಟಿದ್ದರೆ ಇನ್ನೊಂದು ದಾರಿ ಕೇಳಿ

ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಹಲ್ಲನ್ನು ಪೂರ್ತಿ ತೆಗೆಯದೆ, ಮೇಲಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಬೇರನ್ನು ಮೂಳೆಯಲ್ಲೇ ಬಿಡಬಹುದು. ಇದಕ್ಕೆ ಕೊರೊನೆಕ್ಟಮಿ ಎನ್ನುತ್ತಾರೆ. ಬೇರನ್ನು ಮೂಳೆಯ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಕ್ಕೆ ಸವರಿ, ಮೇಲೆ ವಸಡು ಹೊಲಿಯುತ್ತಾರೆ. ನಿಧಾನಕ್ಕೆ ಅದರ ಮೇಲೆ ಮೂಳೆ ಬೆಳೆಯುತ್ತದೆ.

2005ರಲ್ಲಿ ಪ್ರಕಟವಾದ ಲಂಡನ್‌ನ ಒಂದು ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇರು ನರಕ್ಕೆ ತೀರಾ ಹತ್ತಿರವಿದ್ದ 128 ಜನರನ್ನೇ ಆರಿಸಿಕೊಂಡಿದ್ದರು, ಒಟ್ಟು 196 ಹಲ್ಲುಗಳು. ಪೂರ್ತಿ ತೆಗೆದ 102 ಹಲ್ಲುಗಳಲ್ಲಿ 19ರಲ್ಲಿ ನರಕ್ಕೆ ಪೆಟ್ಟಾಯಿತು. ಕೊರೊನೆಕ್ಟಮಿ ಸರಿಯಾಗಿ ಮುಗಿದ 58ರಲ್ಲಿ ಒಂದಕ್ಕೂ ಆಗಲಿಲ್ಲ. ಆದರೆ ಇನ್ನೂ 36 ಹಲ್ಲುಗಳಲ್ಲಿ ಮೇಲ್ಭಾಗ ಕತ್ತರಿಸುವಾಗಲೇ ಬೇರು ಅಲುಗಾಡಿತು, ಪೂರ್ತಿ ತೆಗೆಯಬೇಕಾಯಿತು. ಅವುಗಳಲ್ಲಿ ಮೂರಕ್ಕೆ ಪೆಟ್ಟಾಯಿತು. ಹಾಗಾಗಿ ‘ಮಧ್ಯದಲ್ಲಿ ಬೇರು ಅಲುಗಿದರೆ ಪೂರ್ತಿ ತೆಗೆಯುತ್ತೇವೆ’ ಎಂಬ ಮಾತಿಗೂ ನಿಮ್ಮ ಒಪ್ಪಿಗೆ ಮೊದಲೇ ಇರಬೇಕು. 102ರಲ್ಲಿ 19 ಎಂಬ ಲೆಕ್ಕ ಎಲ್ಲ ಬುದ್ಧಿ ಹಲ್ಲಿಗೂ ಅನ್ವಯಿಸುವುದಿಲ್ಲ, ಅಪಾಯದ ಹಲ್ಲುಗಳಿಗೆ ಮಾತ್ರ. ಸಾಮಾನ್ಯವಾಗಿ ತುಟಿ ಶಾಶ್ವತವಾಗಿ ಜೋಮು ಹಿಡಿಯುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹೆಚ್ಚಿನ ಜೋಮು ಕೆಲವು ವಾರ, ತಿಂಗಳಲ್ಲಿ ಹೋಗುತ್ತದೆ.

ಉಳಿದ ಬೇರು ಮೊದಲ ಒಂದೆರಡು ವರ್ಷ ಮೇಲಕ್ಕೆ ಸರಿಯುತ್ತದೆ, ಅಂದರೆ ನರದಿಂದ ದೂರವಾಗುತ್ತದೆ. ಕೆಲವರಿಗೆ ಮುಂದೆ ಅದನ್ನು ತೆಗೆಸಬೇಕಾಗಬಹುದು. ಆಗ ಅಪಾಯ ಕಡಿಮೆ. ಬೇರಿಗೇ ಸೋಂಕಾಗಿದ್ದರೆ ಅಥವಾ ಹಲ್ಲು ಅಲುಗಾಡುತ್ತಿದ್ದರೆ ಈ ದಾರಿ ಇಲ್ಲ.

ಹಲ್ಲು ತೆಗೆಯುವಾಗ ಕೊಕ್ಕೆಯಂತೆ ಬಾಗಿದ ಬೇರಿನ ತುದಿ ಮುರಿದು ಒಳಗೆ ಉಳಿಯುವುದುಂಟು. ಸಣ್ಣ ಚೂರು, ಸೋಂಕಿಲ್ಲದ್ದು, ಆಳದಲ್ಲಿ ನರದ ಬಳಿ ಇರುವಂಥದ್ದು ಆದರೆ ಅಲ್ಲೇ ಬಿಡುವುದು ಎಷ್ಟೋ ಸಲ ಸರಿಯಾದ ನಿರ್ಧಾರ. ಆದರೆ ಅದನ್ನು ನಿಮಗೆ ಹೇಳಬೇಕು, ದಾಖಲೆಯಲ್ಲಿ ಬರೆಯಬೇಕು.

ತೆಗೆಸಿದ ಮೇಲೆ

ಹಲ್ಲಿದ್ದ ಗುಂಡಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಔಷಧ. ಅದು ಕಿತ್ತುಹೋದರೆ ಮೂರನೇ ದಿನದ ಹೊತ್ತಿಗೆ ಕಿವಿಯವರೆಗೂ ಸಿಡಿಯುವ ನೋವು ಬರುತ್ತದೆ. ಇದೇ ಡ್ರೈ ಸಾಕೆಟ್. ಮೊದಲ ದಿನ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾದಲ್ಲಿ ಎಳನೀರು ಹೀರಬೇಡಿ. ಬೀಡಿ, ಸಿಗರೇಟು, ಗುಟ್ಕಾ, ಎಲೆಯಡಿಕೆ ದೂರವಿಡಿ. ಆರಿದ ಗಂಜಿ, ಮೊಸರನ್ನ ಸಾಕು. ಮರುದಿನದಿಂದ ಉಪ್ಪು ನೀರು ಮೆಲ್ಲಗೆ.

ನೋವಿನ ಮಾತ್ರೆಗಳನ್ನು ಹೋಲಿಸುವ ಪ್ರಯೋಗಗಳಿಗೆ ವಿಜ್ಞಾನಿಗಳು ಹೆಚ್ಚಾಗಿ ಆರಿಸುವುದು ಬುದ್ಧಿ ಹಲ್ಲು ತೆಗೆಸಿದವರನ್ನೇ. ಹಾಗಾಗಿ ಇಲ್ಲಿ ಪುರಾವೆ ಗಟ್ಟಿ. 2013ರ ಕಾಕ್ರೇನ್ ಪರಿಶೀಲನೆಯ ಪ್ರಕಾರ 400 ಮಿಲಿಗ್ರಾಂ ಐಬುಪ್ರೊಫೆನ್, 1000 ಮಿಲಿಗ್ರಾಂ ಪ್ಯಾರಸಿಟಮಾಲ್‌ಗಿಂತ ಹೆಚ್ಚು ನೋವು ತಗ್ಗಿಸುತ್ತದೆ. ಇದು ದೊಡ್ಡವರ ಲೆಕ್ಕ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಆಂಟಿಬಯಾಟಿಕ್ ಬಗ್ಗೆ 2021ರ ಪರಿಶೀಲನೆ ಹೀಗಿದೆ: ಒಬ್ಬರಿಗೆ ಸೋಂಕು ತಪ್ಪಿಸಲು ಆರೋಗ್ಯವಂತರಾದ 19 ಜನ ಅದನ್ನು ನುಂಗಬೇಕು. ಸುಮ್ನೆ ಚೀಟಿಯಲ್ಲಿ ಬರೆದಿದ್ದರೆ ಏಕೆ ಎಂದು ಕೇಳಿ.

ನುಂಗಲು, ಉಸಿರಾಡಲು ಕಷ್ಟವಾದರೆ, ನಾಲಿಗೆಯ ಅಡಿ ಅಥವಾ ಕುತ್ತಿಗೆ ಊದಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಮುಂದಿನ ಹಲ್ಲಿನ ಬೇರು ಮುರಿದರೆ

ಬೇರು ನೋಡಿ ನಿರ್ಧರಿಸಿ ಎನ್ನುವ ಮಾತು ಬುದ್ಧಿ ಹಲ್ಲಿಗಷ್ಟೇ ಅಲ್ಲ. ಬೈಕ್‌ನಿಂದ ಬಿದ್ದು, ಕ್ರಿಕೆಟ್ ಚೆಂಡು ತಗುಲಿ ಮುರಿಯುವುದು ಹೆಚ್ಚಾಗಿ ಮೇಲಿನ ಮುಂಭಾಗದ ಹಲ್ಲು. ಹೊರಗೆ ಹಲ್ಲು ಇಡಿಯಾಗಿ ಕಾಣುತ್ತದೆ, ವಸಡಿನೊಳಗೆ ಬೇರು ಅಡ್ಡ ಸೀಳಿರುತ್ತದೆ. ಮುಟ್ಟಿದರೆ ಅಲುಗುತ್ತದೆ. ಬೇರೇ ಮುರಿದ ಮೇಲೆ ಹಲ್ಲು ಹೋಯಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಡೆನ್ಮಾರ್ಕ್‌ನ ಯೆನ್ಸ್ ಆಂಡ್ರಿಯಾಸೆನ್ ಮತ್ತು ಸಂಗಡಿಗರು ಇಂಥ 400 ಹಲ್ಲುಗಳ ಅಧ್ಯಯನವನ್ನು 2004ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 78 ಹಲ್ಲುಗಳಲ್ಲಿ ಮುರಿತ ಒಂದಲ್ಲ ಒಂದು ರೀತಿಯಲ್ಲಿ ಮಾಯ್ದಿತ್ತು. 30ರಷ್ಟರಲ್ಲಿ ಎರಡು ತುಂಡುಗಳು ಗಟ್ಟಿಯಾಗಿ ಬೆಸೆದುಕೊಂಡಿದ್ದವು.

ಆದ್ದರಿಂದ ಕೀಳಿಸಲು ಒಪ್ಪುವ ಮುನ್ನ ಬೇರೆ ಬೇರೆ ಕೋನದ ಎಕ್ಸ್‌ರೇ ತೆಗೆಸಿ. ಸರಿದ ತುಂಡನ್ನು ಆದಷ್ಟು ಬೇಗ ಜಾಗಕ್ಕೆ ಕೂರಿಸಿ, ಪಕ್ಕದ ಹಲ್ಲುಗಳಿಗೆ ತೆಳು ತಂತಿಯಲ್ಲಿ ನಾಲ್ಕು ವಾರ ಕಟ್ಟುತ್ತಾರೆ. ಮುರಿತ ವಸಡಿನ ಅಂಚಿಗೆ ಹತ್ತಿರವಿದ್ದರೆ ನಾಲ್ಕು ತಿಂಗಳವರೆಗೂ ಬೇಕಾಗಬಹುದು. ರೂಟ್ ಕೆನಾಲ್‌ಗೆ ಆತುರಪಡಬೇಡಿ. ಪೆಟ್ಟು ಬಿದ್ದ ಹಲ್ಲು ಮೂರು ತಿಂಗಳವರೆಗೂ ಜೀವವಿದೆಯೇ ಎಂದು ನೋಡುವ ಪರೀಕ್ಷೆಗೆ ಸ್ಪಂದಿಸದೆ ಇರಬಹುದು, ಅಷ್ಟಕ್ಕೇ ಅದು ಸತ್ತಿದೆ ಎಂದಲ್ಲ. ಸೋಂಕಿನ ಗುರುತು ಕಂಡರೆ ಮಾತ್ರ ಮಾಡಿಸಿ, ಅದೂ ಸಾಮಾನ್ಯವಾಗಿ ಮೇಲಿನ ತುಂಡಿಗಷ್ಟೇ. ಐದು ವರ್ಷದವರೆಗೆ ತಪಾಸಣೆ ತಪ್ಪಿಸಬೇಡಿ.

ಬೇರು ಉದ್ದುದ್ದ ಸೀಳಿದ್ದರೆ ಮಾತ್ರ ಲೆಕ್ಕವೇ ಬೇರೆ. ಇದು ಹೆಚ್ಚಾಗಿ ರೂಟ್ ಕೆನಾಲ್ ಆದ ಹಲ್ಲಿಗೆ ಬರುತ್ತದೆ. ಕಚ್ಚಿದಾಗ ಮಂದ ನೋವು, ವಸಡಿನ ಮೇಲೆ ಬಂದು ಹೋಗುವ ಗುಳ್ಳೆ, ಒಂದೇ ಕಡೆ ಆಳಕ್ಕೆ ಇಳಿಯುವ ಇಕ್ಕಟ್ಟಾದ ಸಂದು, ಇವು ಅದರ ಗುರುತು. ಒಂಟಿ ಬೇರಿನ ಹಲ್ಲನ್ನು ತೆಗೆಯಲೇಬೇಕಾಗುತ್ತದೆ. ಎರಡು ಮೂರು ಬೇರಿನ ದವಡೆ ಹಲ್ಲಾದರೆ ಸೀಳಿದ ಬೇರನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಲು ಸಾಧ್ಯವೇ ಎಂದು ಕೇಳಿ ನೋಡಿ.