ಮಂಡಿ ಆಪರೇಷನ್ ಆದವರ ಬದುಕು ಸುಧಾರಿಸಿತೇ? ಥೀಸಿಸ್ ಮಾಡುವ ನರ್ಸಿಂಗ್ ವಿದ್ಯಾರ್ಥಿಗಳಿಗೆ

ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳು "ಆಪರೇಷನ್ ನಂತರದ ಜೀವನದ ಗುಣಮಟ್ಟ" ಅಂತ ಥೀಸಿಸ್ ಹೆಸರು ಬರೆದುಕೊಂಡು ಬಂದರೆ ನಾನು ಮೊದಲು ಕೇಳುವುದು, ಯಾವ ಆಪರೇಷನ್ ಅಂತ. ಹರ್ನಿಯಾ ಆದವರನ್ನೂ ಸ್ತನ ತೆಗೆಸಿಕೊಂಡವರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಬರುವ ಸರಾಸರಿ ಇಬ್ಬರಿಗೂ ಹೊಂದುವುದಿಲ್ಲ. ಒಂದೇ ಆಪರೇಷನ್ ಹಿಡಿಯಿರಿ. ನಾನು ಆರ್ಥೋ ವಾರ್ಡಿನಲ್ಲಿ ಕೆಲಸ ಮಾಡಿದವಳು, ಹಾಗಾಗಿ ಮಂಡಿ ಕೀಲು ಬದಲಿಸುವ ಆಪರೇಷನ್ ಇಟ್ಟುಕೊಂಡೇ ಹೇಳುತ್ತೇನೆ. ವಾರ್ಡಿನಲ್ಲಿ ನಾವು ಟಿಕೆಆರ್ ಅನ್ನುತ್ತೇವೆ.

ಎರಡು ಪ್ರಶ್ನಾವಳಿ ಸಾಕು. ಒಂದು ಮಂಡಿಗೆ, ಇನ್ನೊಂದು ಇಡೀ ಮನುಷ್ಯರಿಗೆ. ಮಂಡಿಗೆ ಆಕ್ಸ್‌ಫರ್ಡ್ ನೀ ಸ್ಕೋರ್ ಇದೆ. 1998ರಲ್ಲಿ ಬಂದದ್ದು, 12 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 48. ಅಂಕ ಜಾಸ್ತಿ ಇದ್ದಷ್ಟೂ ಮಂಡಿ ಚೆನ್ನಾಗಿದೆ ಅಂತ ಅರ್ಥ. ಇಲ್ಲೊಂದು ಗುಂಡಿ ಇದೆ. ಹಳೆಯ ಲೇಖನಗಳಲ್ಲಿ ಇದೇ ಸ್ಕೋರು 12ರಿಂದ 60ರವರೆಗೆ ಹೋಗುತ್ತದೆ, ಅಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಇದನ್ನು ಗಮನಿಸದೆ ಹೋಲಿಸಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಇಡೀ ಮನುಷ್ಯರಿಗೆ ಇಕ್ಯೂ-5ಡಿ-5ಎಲ್. ಓಡಾಟ, ಸ್ವಂತ ಕೆಲಸ, ದಿನನಿತ್ಯದ ಚಟುವಟಿಕೆ, ನೋವು, ಆತಂಕ ಅಂತ ಐದೇ ಪ್ರಶ್ನೆ. ಜೊತೆಗೆ ತಮ್ಮ ಆರೋಗ್ಯ ಹೇಗಿದೆ ಅಂತ ರೋಗಿಯೇ ತೋರಿಸುವ, 0ಯಿಂದ 100ರವರೆಗಿನ ಒಂದು ಉದ್ದ ಸ್ಕೇಲು. ಉತ್ತರಗಳನ್ನು ಒಂದೇ ಅಂಕಿಗೆ ಇಳಿಸುವಾಗ ಇಂಗ್ಲೆಂಡಿನ ಲೆಕ್ಕ ಹಾಕಬೇಡಿ, ಭಾರತದ ಜನರನ್ನು ಕೇಳಿಯೇ ಮಾಡಿದ ವ್ಯಾಲ್ಯೂ ಸೆಟ್ ಇದೆ. ಎರಡೂ ಪ್ರಶ್ನಾವಳಿಗೆ ಹಕ್ಕುದಾರರ ಅನುಮತಿ ಬೇಕು. ಕನ್ನಡ ಪ್ರತಿಯನ್ನೂ ಅವರಿಂದಲೇ ಕೇಳಿ. ರೂಮ್‌ಮೇಟ್ ಹತ್ತಿರ ರಾತ್ರೋರಾತ್ರಿ ಅನುವಾದ ಮಾಡಿಸಿದ್ದು ನಡೆಯುವುದಿಲ್ಲ.

ಯಾವಾಗ ಕೇಳಬೇಕು? ಆಪರೇಷನ್‌ಗೆ ಮೊದಲೇ ಒಂದು ಸಲ ಕೇಳಲೇಬೇಕು. ಮೂರು ತಿಂಗಳಾದ ಮೇಲೆ "ಮೊದಲು ಹೇಗಿತ್ತು ಅಮ್ಮ?" ಅಂದರೆ, ಈಗ ಹೇಗಿದೆಯೋ ಅದಕ್ಕೆ ತಕ್ಕ ಹಾಗೆ ನೆನಪು ಹೇಳುತ್ತಾರೆ. ಹಾಗಂತ ಆಪರೇಷನ್ ಹಿಂದಿನ ರಾತ್ರಿ ಹೋಗಬೇಡಿ. ಆಗ ಕೂದಲು ತೆಗೆಯುವುದು, ಸಹಿ ಹಾಕಿಸುವುದು, ಊರಿಂದ ಬರುವ ಫೋನು, ಭಯ. ಅರಿವಳಿಕೆ ಚೆಕಪ್‌ಗೆ ಬಂದ ದಿನ ಬೆಂಚಿನ ಮೇಲೆ ಸುಮ್ನೆ ಕಾಯುತ್ತಿರುತ್ತಾರೆ, ಅದೇ ಒಳ್ಳೆಯ ಹೊತ್ತು.

ಆಮೇಲೆ ಆರು ವಾರಕ್ಕೆ, ಆರು ತಿಂಗಳಿಗೆ, ಸಾಧ್ಯವಾದರೆ ಒಂದು ವರ್ಷಕ್ಕೂ ಕೇಳಿ. ಎರಡು ವಾರಕ್ಕೆ, ಹೊಲಿಗೆ ಬಿಚ್ಚಲು ಬಂದಾಗಲೇ ಕೇಳಿ ಮುಗಿಸೋಣ ಅನ್ನುವವರಿದ್ದಾರೆ. ಆಕ್ಸ್‌ಫರ್ಡ್ ಸ್ಕೋರು ಕೇಳುವುದು ಕಳೆದ 4 ವಾರದ ಬಗ್ಗೆ. ಎರಡನೇ ವಾರಕ್ಕೆ ಕೇಳಿದರೆ ಅರ್ಧ ಉತ್ತರ ಹಳೆಯ ಮಂಡಿಯದ್ದು! ಮೊದಲ ಒಂದೆರಡು ದಿನದ ಚೇತರಿಕೆಯೇ ಬೇಕಿದ್ದರೆ ಕ್ಯೂಓಆರ್-15 ಅನ್ನುವ 15 ಪ್ರಶ್ನೆಗಳ ಪ್ರಶ್ನಾವಳಿ ಬಳಸಿ. ಅದು ಕಳೆದ 24 ಗಂಟೆಯನ್ನಷ್ಟೇ ಕೇಳುತ್ತದೆ.

ಇನ್ನು ಕೇಳುವ ರೀತಿ. ಕಾಗದದ ಮೇಲೆ ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದ್ದರೂ ಕೆಲಸ ಕೆಡುವುದು ಇಲ್ಲೇ. ಬೆಳಿಗ್ಗೆ ಇಂಜೆಕ್ಷನ್ ಕೊಟ್ಟ ಸಿಸ್ಟರೇ ಸಂಜೆ ಬಂದು "ನೋವಿದೆಯಾ?" ಅಂದರೆ, "ಇಲ್ಲಮ್ಮ, ನಿಮ್ಮ ದಯೆಯಿಂದ ಆರಾಮಿದೀನಿ" ಅನ್ನುತ್ತಾರೆ. ಅದು ಮರ್ಯಾದೆಯ ಮಾತು, ಡೇಟಾ ಆಗುವುದಿಲ್ಲ. ನೀವು ಡ್ಯೂಟಿ ಮಾಡುವ ವಾರ್ಡಿನ ರೋಗಿಗಳನ್ನು ಬೇರೆಯವರಿಂದ ಕೇಳಿಸಿ. ಬಿಪಿಎಲ್ ಕಾರ್ಡಿನ ಮೇಲೆ ಆಪರೇಷನ್ ಆದವರಿಗೆ ಇನ್ನೊಂದು ಹೆದರಿಕೆ: ಕೆಟ್ಟದಾಗಿ ಹೇಳಿದರೆ ಇನ್ನೊಂದು ಕಾಲಿನ ಆಪರೇಷನ್ ಮಾಡಲಿಕ್ಕಿಲ್ಲವೇನೋ ಅಂತ. ಚಿಕಿತ್ಸೆಗೂ ಇದಕ್ಕೂ ಸಂಬಂಧ ಇಲ್ಲ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಅನ್ನುವುದನ್ನು ಒಪ್ಪಿಗೆ ಪತ್ರ ಓದುವಾಗ ನಿಧಾನವಾಗಿ, ಎರಡು ಸಲ ಹೇಳಿ. ಹೆಬ್ಬೆಟ್ಟು ಒತ್ತುವವರಿಗೆ ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಒಬ್ಬರು ಬೇಕು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಗೆ ಬರುವವರೆಗೆ ಒಬ್ಬ ರೋಗಿಯನ್ನೂ ಸೇರಿಸಬೇಡಿ. ವ್ಯಾಯಾಮ ಹೇಳಿಕೊಡುವ ವಿಡಿಯೋ ತೋರಿಸಿ ಹೋಲಿಸುವಂಥ ಅಧ್ಯಯನವಾದರೆ ಮೊದಲ ರೋಗಿಗಿಂತ ಮುಂಚೆ ಸಿಟಿಆರ್‌ಐಯಲ್ಲಿ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ದಾಖಲಾತಿಯಲ್ಲಿ, ನೋಂದಣಿಯೂ ಆಗಿರಬೇಕು.

ಮಗ ಪಕ್ಕದಲ್ಲಿ ನಿಂತಿದ್ದರೆ ಉತ್ತರ ಅವನೇ ಕೊಡುತ್ತಾನೆ. "ಅಮ್ಮಂಗೆ ಈಗ ಏನೂ ತೊಂದ್ರೆ ಇಲ್ಲ ಮೇಡಂ." ಅಮ್ಮ ತಲೆ ಅಲ್ಲಾಡಿಸುತ್ತಾರೆ, ಅಷ್ಟೇ. ಅವನಿಗೆ ಬೇಜಾರಾಗದ ಹಾಗೆ ಒಂದು ಟೀ ಕುಡಿದು ಬರಲು ಕಳಿಸಿ. ಇಕ್ಯೂ-5ಡಿ-5ಎಲ್‌ನ ಸ್ಕೇಲು ತೋರಿಸುವಾಗಲೂ ಎಚ್ಚರ ಬೇಕು. ಶಾಲೆಗೆ ಹೋದವರು ಅದನ್ನು ಪರೀಕ್ಷೆಯ ಅಂಕ ಅಂದುಕೊಂಡು, ಪಾಸಾಗಲಿ ಅಂತ 35 ಕೊಡುತ್ತಾರೆ. 0 ಅಂದರೆ ಊಹಿಸಬಹುದಾದ ಅತ್ಯಂತ ಕೆಟ್ಟ ಆರೋಗ್ಯ, 100 ಅಂದರೆ ಅತ್ಯಂತ ಒಳ್ಳೆಯದು ಅಂತ ಕಾಗದದಲ್ಲಿ ಇರುವಂತೆಯೇ ಓದಿ, ಬೆರಳು ಅವರೇ ಇಡಲಿ.

ಆಕ್ಸ್‌ಫರ್ಡ್ ಸ್ಕೋರಿನಲ್ಲಿ ಕಾರು ಹತ್ತಿ ಇಳಿಯುವುದು ಅಥವಾ ಬಸ್ಸು, ಒಬ್ಬರೇ ಮನೆ ಸಾಮಾನು ತರುವುದು, ಮಂಡಿಯೂರಿ ಏಳುವುದು ಎಲ್ಲ ಇದೆ. ಅದರಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಇಲ್ಲ, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು ಇಲ್ಲ, ಊರಿನ ಕಕ್ಕಸು ಇಲ್ಲ. ಇವನ್ನೇ ಡಾಕ್ಟರು ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಬೇಡ ಅನ್ನುವುದು. ಅಂದರೆ ಸ್ಕೋರು 18ರಿಂದ 40ಕ್ಕೆ ಏರಿದ ಅಜ್ಜಿಯೂ ಸತ್ಯನಾರಾಯಣ ಪೂಜೆಗೆ ಕುರ್ಚಿ ಹಾಕಿಸಿಕೊಂಡು ಎಲ್ಲರಿಂದ ದೂರ ಕೂತಿರಬಹುದು. ಪ್ರಶ್ನಾವಳಿಯನ್ನು ಮಾತ್ರ ತಿದ್ದಬೇಡಿ. ತಿದ್ದಿದರೆ ಅದು ಆಕ್ಸ್‌ಫರ್ಡ್ ಸ್ಕೋರೇ ಅಲ್ಲ. ಎರಡೂ ಮುಗಿದ ಮೇಲೆ ನಿಮ್ಮದೇ ಹಾಳೆಯಲ್ಲಿ ಬೇರೆಯಾಗಿ ಕೇಳಿ: ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದೀರಿ? ಅವರ ಬಾಯಿಂದ ಬಂದ ಮಾತನ್ನೇ ಬರೆದುಕೊಳ್ಳಿ. ನನ್ನ ಪ್ರಕಾರ ಥೀಸಿಸ್‌ನಲ್ಲಿ ಓದಲು ಯೋಗ್ಯವಾದ ಭಾಗ ಇದೇ.

ಫೋನ್ ನಂಬರು ಎರಡು ತೆಗೆದುಕೊಳ್ಳಿ, ಮಗನದ್ದೊಂದು, ಊರಲ್ಲೇ ಇರುವವರದ್ದೊಂದು. ಸೀರಿಯಲ್ ಹೊತ್ತಲ್ಲಿ ಫೋನ್ ಮಾಡಬೇಡಿ, ಎಲ್ಲದಕ್ಕೂ "ಹೂಂ" ಬರುತ್ತದೆ. ಎದುರು ಕೂತು ಕೇಳಿದ್ದೋ ಫೋನಲ್ಲಿ ಕೇಳಿದ್ದೋ ಅಂತ ಪ್ರತಿ ಹಾಳೆಯಲ್ಲೂ ಗುರುತು ಹಾಕಿ. ಫಾಲೋಅಪ್‌ಗೆ ಬಾರದವರು ಯಾಕೆ ಬರಲಿಲ್ಲ ಅನ್ನುವುದೂ ದಾಖಲಾಗಬೇಕು. ಇನ್ಫೆಕ್ಷನ್ ಆಗಿ ಬೇರೆ ಆಸ್ಪತ್ರೆ ಸೇರಿದವರು, ತೀರಿಕೊಂಡವರು ಲೆಕ್ಕದಿಂದ ಬಿಟ್ಟುಹೋದರೆ ಉಳಿದವರೆಲ್ಲ ಚೆನ್ನಾಗಿಯೇ ಇರುತ್ತಾರೆ, ಅಲ್ವಾ?

ಲೆಕ್ಕ ಹಾಕುವಾಗ ಪಿ ವ್ಯಾಲ್ಯೂ (ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ಅಂದಾಜಿಸಲು ನೋಡುವ ಅಂಕಿ) ಚಿಕ್ಕದಾಗಿ ಬಂತು ಅಂತ ಕುಣಿಯಬೇಡಿ. ರೋಗಿಗಳ ಸಂಖ್ಯೆ ದೊಡ್ಡದಿದ್ದರೆ ಎರಡು ಅಂಕದ ವ್ಯತ್ಯಾಸಕ್ಕೂ ಅದು ಚಿಕ್ಕದಾಗಿ ಬರುತ್ತದೆ. ಆಕ್ಸ್‌ಫರ್ಡ್ ಸ್ಕೋರಿನಲ್ಲಿ ಎರಡು ಗುಂಪುಗಳ ನಡುವೆ ಸುಮಾರು 5 ಅಂಕದ ಅಂತರ ಇದ್ದರೆ ಅದು ರೋಗಿಗಳ ಅನುಭವಕ್ಕೆ ಬರುವಂಥದ್ದು ಅಂತ ಪರಿಗಣಿಸುತ್ತಾರೆ. ವೈವಾದಲ್ಲಿ ಇದನ್ನು ಕೇಳುವ ಪರೀಕ್ಷಕರು ಸಿಗುತ್ತಾರೆ. ನಾನಂತೂ ಕೇಳುತ್ತೇನೆ.