ಗೋಮಾಳದ ಲಂಟಾನಕ್ಕೆ ಪಿಕಾಸಿಯೇ ಮದ್ದು

ಗುಂಡ್ಲುಪೇಟೆ ಕಡೆ ಕಾಡಂಚಿನಲ್ಲಿ ನನ್ನದು ನಾಲ್ಕು ಎಕರೆ. ಅದಕ್ಕೆ ತಾಗಿದಂತೆ ಊರ ಗೋಮಾಳ, ಆಚೆಗೆ ಕಾಡು. ಗೋಮಾಳ ಅನ್ನುವುದು ಪಹಣಿಯಲ್ಲಷ್ಟೇ ಇತ್ತು. ನಮ್ಮಪ್ಪನ ಕಾಲಕ್ಕೇ ಅಲ್ಲಿ ಲಂಟಾನ ಎಂಬ ಕಳೆಪೊದೆ ಆಳೆತ್ತರ ಬೆಳೆದು, ಹಗಲಲ್ಲಿ ಕಾಡುಹಂದಿ ಮಲಗುವ ಜಾಗವಾಗಿತ್ತು. ರಾತ್ರಿ ಅವು ಎಲ್ಲಿಗೆ ಬರುತ್ತಿದ್ದವು ಎಂದು ಬೇರೆ ಹೇಳಬೇಕಿಲ್ಲ. ಈಗ ಆರೇಳು ಎಕರೆ ಜಾಗದಲ್ಲಿ ಹುಲ್ಲು ಬಂದಿದೆ. "ಪಿಕಾಸಿ ಹಿಡ್ಕೊಂಡು ಲಂಟಾನ ಮುಗಿಸ್ತಾನಂತೆ" ಎಂದು ಅರಳಿಕಟ್ಟೆಯಲ್ಲಿ ನಕ್ಕವರೇ ದನ ಹೊಡೆದುಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜೆಸಿಬಿ. ಗಂಟೆಗೆ ಸಾವಿರದ ಮೇಲೆ, ಒಟ್ಟು ಹದಿನೆಂಟು ಇಪ್ಪತ್ತು ಸಾವಿರ ಹೋಗಿರಬೇಕು. ನೋಡಲು ಚೆಂದವಿತ್ತು. ಮಳೆ ಬಿದ್ದದ್ದೇ ತಡ, ಮಗುಚಿದ ಮಣ್ಣಿನಲ್ಲಿ ರಾಗಿ ಒಟ್ಲು ಹಾಕಿದ ಹಾಗೆ ಲಂಟಾನದ ಸಸಿ ಎದ್ದವು, ಜೊತೆಗೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. ಆಮೇಲೆ ಕಡಿದು, ಚಿಗುರಿಗೆ ಗ್ಲೈಫೋಸೇಟ್ ಕಳೆನಾಶಕ ಹೊಡೆಸಿದ್ದೂ ಆಯಿತು. ಎಲೆ ಸುಟ್ಟಿತು, ಬುಡ ಮತ್ತೆ ಚಿಗುರಿತು. ಅಂಗಡಿಯವರು ಇನ್ನೊಂದು ಸಲ ಹೊಡೀರಿ ಎಂದರು. ಹೊಡೆದಾಗ ಸತ್ತದ್ದು ಬದುವಿನ ಗರಿಕೆ.

ಕೊನೆಗೆ ಕೈಹಿಡಿದದ್ದು ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಪಿಸಿದ ಬುಡಬೇರು ಕಡಿಯುವ ಕ್ರಮ. ಲಂಟಾನ ಚಿಗುರುವುದು ಕಾಂಡವೂ ಬೇರೂ ಕೂಡುವ ಜಾಗದಿಂದ. ಮಚ್ಚಿನಲ್ಲಿ ನೆಲದ ಮೇಲೆ ಎಷ್ಟು ಸವರಿದರೂ ಆ ಜಾಗ ಉಳಿದುಬಿಡುತ್ತದೆ. ಮಣ್ಣಿನಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರಿಗೆ ಏಟು ಬೀಳಬೇಕು. ಸುತ್ತಲಿನ ಮಣ್ಣು ಕೆದಕಬಾರದು. ಕಡಿದ ಪೊದೆಯನ್ನು ಅಲ್ಲೇ ತಲೆಕೆಳಗಾಗಿ ಮಗುಚಿ, ಬೇರು ಬಿಸಿಲಿಗೆ ಒಡ್ಡಿ ಬಿಡಬೇಕು. ಮಗ್ಗುಲಿಗೆ ಕೆಡವಿದರೆ ಕೊಂಬೆ ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಮಾಮೂಲಿ ಪಿಕಾಸಿ ಕಲ್ಲುನೆಲದಲ್ಲಿ ಜಾರುತ್ತದೆ. ಕುಲುಮೆಯವರ ಹತ್ತಿರ ಅದರ ಬಾಯಿಗೆ ಒಂದು ಸಣ್ಣ ಬದಲಾವಣೆ ಮಾಡಿಸಿದ್ದೇನೆ. ಏನೆಂದು ಹೇಳುವುದಿಲ್ಲ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ಎಕರೆಗೆ ಇಪ್ಪತ್ತೈದು ಮೂವತ್ತು ಆಳು, ಕೂಲಿ ಐನೂರರ ಆಸುಪಾಸು. ಜೆಸಿಬಿಗಿಂತ ದುಬಾರಿಯಲ್ಲವೇ ಎಂದು ಎಲ್ಲರೂ ಕೇಳಿದರು. ಹೌದು, ಮೊದಲ ವರ್ಷ ದುಬಾರಿ. ಎರಡನೇ ವರ್ಷ ಸಸಿ ಕೀಳಲು ಎಕರೆಗೆ ನಾಲ್ಕೈದು ಆಳು ಸಾಕಾಯಿತು. ಆ ಸಸಿ ಗೋಮಾಳದ ತುಂಬ ಬರುವುದಿಲ್ಲ. ಹೆಚ್ಚಾಗಿ ಬರುವುದು ಬೇವು, ಕಗ್ಗಲಿ ಮರಗಳ ಕೆಳಗೆ. ಪಿಕಳಾರ, ಗೊರವಂಕ ಹಣ್ಣು ತಿಂದು ಅಲ್ಲಿ ಕೂತು ಹಿಕ್ಕೆ ಹಾಕುತ್ತವೆ. ಕಾಡಿನ ಗಡಿಕಲ್ಲು ದಾಟಿ ನಾನು ಕೈ ಹಾಕುವ ಹಾಗಿಲ್ಲ, ಆ ಕಡೆಯಿಂದ ಬೀಜ ಬರುತ್ತಲೇ ಇರುತ್ತದೆ. ಆದ್ದರಿಂದ ಮಳೆ ಬಿದ್ದು ಹದಿನೈದು ಇಪ್ಪತ್ತು ದಿನಕ್ಕೆ ಮರದ ಬುಡಗಳನ್ನಷ್ಟೇ ಸುತ್ತಿ ಬರುತ್ತೇನೆ. ಬೆರಳುದ್ದದ ಸಸಿ, ಹಸಿ ಮಣ್ಣು, ಮಕ್ಕಳೂ ಕೀಳುತ್ತಾರೆ. ತೆರವಾದ ಜಾಗವನ್ನು ಖಾಲಿ ಬಿಡಬೇಡಿ, ಹುಲ್ಲಿನ ಬೀಜ ಚೆಲ್ಲಿ. ಯಾವ ಹುಲ್ಲು ಯಾವುದರ ಜೊತೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಪಾರ್ಥೇನಿಯಂಗೆ ಅದರ ಎಲೆ ತಿನ್ನುವ ಮೆಕ್ಸಿಕನ್ ಜೀರುಂಡೆಯನ್ನೂ ಬಿಟ್ಟು ನೋಡಿದೆ, 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಟ್ಟರಲ್ಲ, ಅದೇ. ರಸ್ತೆಬದಿಯಲ್ಲಿ ಹಿಡಿದು ಡಬ್ಬಿಯಲ್ಲಿ ತಂದೆ. ಪಕ್ಕದ ಹೊಲದವರು "ನಿನ್ನ ಹುಳ ನನ್ನ ಸೂರ್ಯಕಾಂತಿಗೆ ಬಂದ್ರೆ ದುಡ್ಡು ನೀನೇ ಕಟ್ಟಬೇಕು ಕಣಪ್ಪ" ಎಂದರು. ಸೂರ್ಯಕಾಂತಿಗೇನೂ ಆಗಲಿಲ್ಲ. ಹುಳ ಮಳೆಗಾಲದಲ್ಲಿ ಎಲೆಯನ್ನು ಜರಡಿ ಮಾಡಿತು, ಆದರೆ ಸಂಖ್ಯೆ ಏರುವಷ್ಟರಲ್ಲಿ ಮೊದಲ ಗಿಡಗಳು ಹೂ ಬಿಟ್ಟಾಗಿತ್ತು. ಈಗ ಹೂವಿಗೆ ಮುಂಚೆ ಕಿತ್ತು ಗೊಬ್ಬರದ ಗುಂಡಿಗೆ, ಬೀಳು ಬಿಟ್ಟ ತಾಕಿಗೆ ಒತ್ತಾಗಿ ಹುರುಳಿ. ಹುಳದ ಪಾಡು ಹುಳಕ್ಕೆ.

ಅರಿಸಿನದೊಳಗಿನ ಜೇಕು ಕಳೆ ಮಾತ್ರ ನನಗೆ ಬಗ್ಗಿಲ್ಲ. ಏಳೆಂಟು ಸಾವಿರ ಕೊಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಹಾಳೆಯನ್ನೇ ಚುಚ್ಚಿಕೊಂಡು ಮೇಲೆ ಬಂತು. ಗೆಡ್ಡೆಸಮೇತ ಅದನ್ನು ಮುಗಿಸಿದವರು ಯಾರಾದರೂ ಇದ್ದರೆ ಹೇಳಿ, ಪಿಕಾಸಿಯ ಗುಟ್ಟು ಬಿಟ್ಟುಕೊಡುತ್ತೇನೆ.